ಕೆನೆ ಬೇಕು, ಎಮ್ಮೆಯ ಲೆಕ್ಕ ಬೇಡವೇ?

ತೆಳುವಾಗಿ ಹೆಚ್ಚಿದ ದನದ ಮಾಂಸವನ್ನು ಅಣಬೆ, ವೈನ್ ಮತ್ತು ಕೆನೆಯಲ್ಲಿ ಬೇಯಿಸಿದರೆ ಅದಕ್ಕೆ ಸ್ಟ್ರಾಗನಾಫ್ ಎನ್ನುತ್ತಾರೆ. ಹುಟ್ಟಿದ್ದು ರಷ್ಯದಲ್ಲಿ. ಎಲೆನಾ ಮೊಲೊಖೊವೆಟ್ಸ್ ಎಂಬಾಕೆಯ ಅಡುಗೆ ಪುಸ್ತಕದ 1871ರ ಆವೃತ್ತಿಯಲ್ಲಿ ಇದು ಬಂದಾಗ ಅದರಲ್ಲಿ ಅಣಬೆ ಇರಲಿಲ್ಲ, ಈರುಳ್ಳಿಯೂ ಇರಲಿಲ್ಲ. ಮುಖ್ಯವಾಗಿ ಮಾಂಸ, ಸಾಸಿವೆ, ಹುಳಿಗೆನೆ. ಉಳಿದದ್ದೆಲ್ಲ ಆಮೇಲೆ ಹೋದ ಹೋದ ಊರಲ್ಲಿ ಸೇರಿಕೊಂಡದ್ದು. ಹುಬ್ಬಳ್ಳಿ ಧಾರವಾಡದ ನಡುವಿನ ಸತ್ತೂರಿನಲ್ಲಿ ನಿಂತು ಈ ಅಡುಗೆಯ ಸಾಮಾನು ಲೆಕ್ಕ ಹಾಕಿದರೆ ಬಹುಪಾಲು ಕೈಯಳತೆಯಲ್ಲೇ ಇದೆ. ಚಿಗರಿ ಬಸ್ಸಿನಲ್ಲಿ ಸ್ವಲ್ಪ ದೂರ ಹೋದರೆ ಧಾರವಾಡದ ಹಾಲು, ಕೆನೆ. ಆಯ್ಸ್ಟರ್ ಎನ್ನುವ ಚಿಪ್ಪು ಅಣಬೆಗೆ ಇಲ್ಲಿಯ ಹವೆ ಒಗ್ಗುತ್ತದೆ. ಒದ್ದೆ ಮಾಡಿ ಬಿಸಿನೀರಿನಲ್ಲಿ ಹದಗೊಳಿಸಿದ ಒಣಹುಲ್ಲಿದ್ದರೆ ಸಾಕು, ಸುಮಾರು ಮೂರು ವಾರಕ್ಕೆ ಮೊದಲ ಬೆಳೆ. ವೈನಿಗೆ ವಿಜಯಪುರದ ದ್ರಾಕ್ಷಿ ಇದೆ, 2007ರಿಂದ ರಾಜ್ಯಕ್ಕೊಂದು ವೈನ್ ನೀತಿಯೂ ಇದೆ. ಬೇಡವೆನ್ನುವವರಿಗೆ ಹುಳಿ ದ್ರಾಕ್ಷಿಯ ರಸ ಆದೀತು. ತೊಡಕಿರುವುದು ಮಾಂಸದಲ್ಲಿ. ಆ ತೊಡಕು ಬರೀ ಅಡುಗೆಯದ್ದಲ್ಲ. ಅದೇ ಬಾಣಲೆಯಲ್ಲಿರುವ ಕೆನೆಯ ಭವಿಷ್ಯವೂ ಅದಕ್ಕೆ ಗಂಟು ಬಿದ್ದಿದೆ.

ಕರ್ನಾಟಕದಲ್ಲಿ ಇಂದು ಕಾನೂನು ಒಪ್ಪುವ ಬೀಫ್ ಎಂದರೆ ಒಂದೇ ಅರ್ಥ: ಹದಿಮೂರು ವರ್ಷ ತುಂಬಿದ ಎಮ್ಮೆ ಅಥವಾ ಕೋಣದ ಮಾಂಸ. 2021ರ ಆರಂಭದಿಂದ ಜಾರಿಯಲ್ಲಿರುವ ಕರ್ನಾಟಕ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯು ಆಕಳು, ಕರು, ಹೋರಿ, ಎತ್ತುಗಳ ಜೊತೆಗೆ ಹದಿಮೂರಕ್ಕಿಂತ ಕಡಿಮೆ ವಯಸ್ಸಿನ ಎಮ್ಮೆ ಕೋಣಗಳನ್ನೂ ಒಂದೇ ಪದದಲ್ಲಿ ಕಟ್ಟಿ ಹಾಕಿದೆ. ತಪ್ಪಿದರೆ ಮೂರರಿಂದ ಏಳು ವರ್ಷ ಜೈಲು, ಇಲ್ಲವೇ ಮೊದಲ ಸಲಕ್ಕೇ 50,000 ರೂಪಾಯಿಯಿಂದ 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಹದಿಮೂರು ದಾಟಿದ ಪ್ರಾಣಿಯ ಖಂಡ ಹೇಗಿರುತ್ತದೆ ಎಂಬುದು ಅಡುಗೆ ಮಾಡುವವರಿಗೆ ಗೊತ್ತು. ಸ್ನಾಯುವನ್ನು ಹಿಡಿದಿಡುವ ನಾರು ವಯಸ್ಸಾದಂತೆ ಹೆಣೆದುಕೊಂಡು ಗಟ್ಟಿಯಾಗುತ್ತದೆ, ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಇಟ್ಟ ಹೊರತು ಕರಗುವುದಿಲ್ಲ. ಸ್ಟ್ರಾಗನಾಫ್ ನಾಲ್ಕೈದು ನಿಮಿಷದ ಉರಿಯ ಅಡುಗೆ. ಆದ್ದರಿಂದ ಇಲ್ಲಿ ಕೆಲಸವೆಲ್ಲ ಚೂರಿಯದ್ದು. ಖಂಡವನ್ನು ಅರೆಬರೆ ಹೆಪ್ಪುಗಟ್ಟುವ ತನಕ ಫ್ರೀಜರಿನಲ್ಲಿಟ್ಟು, ಎಳೆ ಯಾವ ಕಡೆ ಓಡಿದೆ ಎಂದು ನೋಡಿ, ಎಳೆಗೆ ಅಡ್ಡವಾಗಿ ಎಲೆಯಷ್ಟು ತೆಳ್ಳಗೆ ಹೆಚ್ಚಬೇಕು. ಆಗ ಹಲ್ಲು ಮಾಡಬೇಕಾದ ಕೆಲಸವನ್ನು ಚೂರಿಯೇ ಮಾಡಿರುತ್ತದೆ. ಹಸಿ ಪರಂಗಿ ಅರೆದು ಸವರಿದರೆ ಇನ್ನೂ ಮೆದು. ಬಾಣಲೆ ಕಾದು ಹೊಗೆ ಬರುವಾಗ ಒಂದೊಂದೇ ಹಿಡಿ ಹಾಕಿ ತೆಗೆಯಬೇಕು, ಒಟ್ಟಿಗೆ ಸುರಿದರೆ ನೀರು ಬಿಟ್ಟು ಬೇಯುತ್ತದೆ. ಅಣಬೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಅದು ಆರುವ ತನಕ ತಾಳ್ಮೆ ಬೇಕು. ವೈನು ಅರ್ಧಕ್ಕಿಂತ ಕಡಿಮೆಗೆ ಇಳಿದ ಮೇಲೆಯೇ ಉರಿ ತಗ್ಗಿಸಿ ಕೆನೆ, ಇಲ್ಲವಾದರೆ ಹುಳಿಗೆ ಕೆನೆ ಒಡೆಯುತ್ತದೆ.

ಎಮ್ಮೆಯ ಮಾಂಸದಲ್ಲಿ ಜಿಡ್ಡು ಕಡಿಮೆ, ಸ್ವಲ್ಪ ಹೆಚ್ಚು ಬೆಂದರೂ ಒಣಗಿ ರಟ್ಟಾಗುತ್ತದೆ. ಎಮ್ಮೆಯ ಹಾಲಿನಲ್ಲಿ ಮಾತ್ರ ಜಿಡ್ಡು ಶೇ 7ರ ಆಸುಪಾಸು, ಆಕಳ ಹಾಲಿನ ಒಂದೂವರೆ ಪಟ್ಟಿಗೂ ಮಿಗಿಲು. ಮಾಂಸದಲ್ಲಿ ಇಲ್ಲದ್ದನ್ನು ಅದೇ ಪ್ರಾಣಿಯ ಕೆನೆ ತುಂಬಿಕೊಡುತ್ತದೆ. ಇದನ್ನು ನಾನು ರುಚಿಗಾಗಿ ಮಾತ್ರ ಹೇಳುತ್ತಿಲ್ಲ. ಕೆನೆ ಮತ್ತು ಖಂಡ ಒಂದೇ ಎಮ್ಮೆಯ ಬದುಕಿನ ಎರಡು ತುದಿಗಳು, ಒಂದು ತುದಿಯನ್ನು ಹಿಡಿದು ಇನ್ನೊಂದು ತುದಿ ಇಲ್ಲವೇ ಇಲ್ಲ ಎಂದು ನಡೆದುಕೊಂಡರೆ ಎಮ್ಮೆ ಸಾಕುವವನ ಲೆಕ್ಕ ಕೂಡುವುದಿಲ್ಲ. ನನ್ನ ವಾದ ಇಷ್ಟೇ: ಎಮ್ಮೆಯನ್ನು ಈ ಕಾಯ್ದೆಯ ಹದಿಮೂರು ವರ್ಷದ ಗೆರೆಯಿಂದ ಹೊರಗೆ ತರಬೇಕು. ಮಾಂಸ ತಿನ್ನುವವರಿಗಿಂತ ಹೆಚ್ಚಾಗಿ ಹಾಲು ಕುಡಿಯುವವರು, ಪೇಡೆ ತಿನ್ನುವವರು ಇದನ್ನು ಕೇಳಬೇಕು.

ಧಾರವಾಡದ ಪೇಡೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಆ ಪೇಡೆಯ ಹಿಂದೆ ಇರುವ ಎಮ್ಮೆಗೆ ಮಾನ್ಯತೆ ಸಿಕ್ಕಿದ್ದು ತೀರ ಈಚೆಗೆ, 2021ರಲ್ಲಿ. ಕೃಷಿ ವಿಶ್ವವಿದ್ಯಾಲಯದವರು ವರ್ಷಗಳ ಕಾಲ ಅಳೆದು ತೂಗಿ ದಾಖಲೆ ಮಾಡಿದ ಮೇಲೆ ಧಾರವಾಡಿ ಎಮ್ಮೆಯನ್ನು ದೇಶದ ಪ್ರತ್ಯೇಕ ತಳಿಯೆಂದು ಕರ್ನಾಲ್‌ನ ರಾಷ್ಟ್ರೀಯ ಸಂಸ್ಥೆ ನೋಂದಾಯಿಸಿಕೊಂಡಿತು. ಕಪ್ಪು ಮೈ, ಹಿಂದಕ್ಕೆ ಬಾಗಿ ಹೆಗಲ ತನಕ ಬರುವ ಅರ್ಧಚಂದ್ರದ ಕೊಂಬು. ಹೊಟ್ಟು, ಕಣಿಕೆ, ಬಯಲ ಮೇವು ತಿಂದು ಬೇಸಿಗೆ ತಾಳುವ ಜೀವ. ಧಾರವಾಡದ ಗೌಳಿಗರ ಮನೆಗಳು ಇದನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿವೆ. ತಳಿಗೆ ರಾಷ್ಟ್ರದ ಮನ್ನಣೆ ಬಂದ ವರ್ಷವೇ ಅದನ್ನು ಸಾಕುವುದನ್ನು ದುಬಾರಿ ಮಾಡುವ ಕಾಯ್ದೆಯೂ ಬಂತು. ಎರಡೂ ಒಂದೇ ಪ್ರಾಣಿಯ ಕುರಿತದ್ದು ಎಂದು ನಮ್ಮ ಸಾರ್ವಜನಿಕ ಚರ್ಚೆಯಲ್ಲಿ ಯಾರೂ ಜೋಡಿಸಿ ನೋಡಲಿಲ್ಲ ಎಂಬುದು ನನ್ನ ಕೊರಗು.

ಸಾಕುವವನ ಲೆಕ್ಕ ಹೀಗಿದೆ. ಎಮ್ಮೆ ಮೊದಲ ಸೂಲು ಈಯುವುದು ಸಾಮಾನ್ಯವಾಗಿ ಮೂರೂವರೆ ನಾಲ್ಕು ವರ್ಷಕ್ಕೆ. ಆಮೇಲೆ ಒಂದೂಕಾಲು ವರ್ಷಕ್ಕೊಂದು, ಒಂದೂವರೆ ವರ್ಷಕ್ಕೊಂದು ಸೂಲು. ಕೆಲವು ಐದನೆಯ ಸೂಲಿಗೇ ಗಬ್ಬ ನಿಲ್ಲದೆ ಗೊಡ್ಡಾಗುತ್ತವೆ, ಕೆಲವಕ್ಕೆ ಕೆಚ್ಚಲು ಬಾವು ಬಂದು ಮೊಲೆ ಬತ್ತುತ್ತದೆ. ಹತ್ತನೆಯ ವರ್ಷಕ್ಕೆ ಹಾಲು ನಿಂತ ಎಮ್ಮೆಯನ್ನು ಹದಿಮೂರರ ತನಕ ಕಟ್ಟಿಕೊಂಡಿರಬೇಕೆಂದರೆ, ನಾಲ್ಕು ನೂರು ಕಿಲೋ ತೂಗುವ ಪ್ರಾಣಿಗೆ ದಿನಕ್ಕೆ ಹತ್ತು ಕಿಲೋದಂತೆ ವರ್ಷಕ್ಕೆ ಮೂರೂವರೆ ಟನ್ ಮೇಲೆ ಮೇವು ಬೇಕು, ಮೂರು ವರ್ಷಕ್ಕೆ ಹತ್ತು ಟನ್ ದಾಟುತ್ತದೆ. ಎರಡೆಮ್ಮೆಯ ಮನೆಗೆ ಇದು ಆಗಿಹೋಗುವ ಮಾತಲ್ಲ. ಮೊದಲು ಗೊಡ್ಡೆಮ್ಮೆ ಸಂತೆಗೆ ಹೋಗಿ ಬಂದ ಹಣಕ್ಕೆ ಇನ್ನಷ್ಟು ಸೇರಿಸಿ ಹೊಸ ಗಬ್ಬದೆಮ್ಮೆ ಕೊಟ್ಟಿಗೆಗೆ ಬರುತ್ತಿತ್ತು. ಹಾಲಿನ ಕಸುಬು ತಿರುಗುತ್ತಿದ್ದುದು ಆ ಕೀಲಿನ ಮೇಲೆ. ಇನ್ನು ಕೋಣಗರುವಿನ ಪಾಡು. ಹುಟ್ಟುವ ಕರುಗಳಲ್ಲಿ ಅರ್ಧ ಗಂಡು, ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ, ಊರಿಗೊಂದೆರಡು ಬೀಜದ ಕೋಣ ಸಾಕು. ಮಿಕ್ಕ ಗಂಡುಗರುಗಳಿಗೆ ತಾಯ ಮೊಲೆಯಲ್ಲಿ ಹಾಲು ಬಿಡುವವರು ಕಡಿಮೆ, ಎಷ್ಟೋ ಕರು ತಿಂಗಳೊಪ್ಪತ್ತಿನಲ್ಲೇ ಸಾಯುತ್ತವೆ. ಇದು ದೇಶದುದ್ದಕ್ಕೂ ಇರುವ ಸಂಗತಿಯಾದ್ದರಿಂದಲೇ ಗಂಡು ಎಮ್ಮೆಗರುಗಳನ್ನು ಉಳಿಸಿ ಬೆಳೆಸಲು ಕೇಂದ್ರ ಸರ್ಕಾರ ಹನ್ನೊಂದನೆಯ ಪಂಚವಾರ್ಷಿಕ ಯೋಜನೆಯಲ್ಲಿ ಪ್ರತ್ಯೇಕ ಕಾರ್ಯಕ್ರಮವನ್ನೇ ತಂದಿತ್ತು. ಬೆಳೆಸಿ ಮಾಂಸಕ್ಕೆ ಮಾರುವುದು ಅದರ ಉದ್ದೇಶ. ಬೆಳೆದ ಕೋಣವನ್ನು ಹದಿಮೂರು ವರ್ಷ ಮಾರುವಂತಿಲ್ಲ ಎಂದರೆ ಅದನ್ನು ಯಾರು ಬೆಳೆಸುತ್ತಾರೆ?

ಹದಿಮೂರು ದಾಟಿದ ಮೇಲೆ ಅವಕಾಶ ಇದೆಯಲ್ಲ, ಮತ್ತೇನು ಕಷ್ಟ ಎಂದು ಕೇಳಬಹುದು. ಮೊದಲನೆಯ ಕಷ್ಟ, ಹದಿಮೂರನ್ನು ಓದುವುದು ಹೇಗೆ? ಎಮ್ಮೆಯ ಕೆಳದವಡೆಯ ಮುಂಭಾಗದಲ್ಲಿ ಎಂಟು ಹಲ್ಲು, ಮೇಲೆ ಇಲ್ಲ. ಎರಡೂವರೆ ಮೂರು ವರ್ಷದಿಂದ ಹಾಲುಹಲ್ಲು ಜೋಡಿ ಜೋಡಿಯಾಗಿ ಬಿದ್ದು ಎರಡಲ್ಲು, ನಾಲ್ಕಲ್ಲು, ಆರಲ್ಲು ಎಂದು ಸಂತೆಯಲ್ಲಿ ಎಣಿಸುತ್ತಾರೆ. ಐದಾರು ವರ್ಷಕ್ಕೆ ಬಾಯಿಗೂಡುತ್ತದೆ. ಅಲ್ಲಿಗೆ ಹಲ್ಲಿನ ಲೆಕ್ಕ ಮುಗಿಯಿತು. ಆಮೇಲಿನದು ಹಲ್ಲು ಸವೆದಿರುವುದು, ಕೊಂಬಿನ ಉಂಗುರ ನೋಡಿ ಹೇಳುವ ಅಂದಾಜು. ಹನ್ನೊಂದಕ್ಕೂ ಹದಿಮೂರಕ್ಕೂ ನಡುವೆ ಗೆರೆ ಎಳೆಯಲು ಅದರಿಂದ ಸಾಧ್ಯವಿಲ್ಲ. ಜನನ ದಾಖಲೆ ಇರುವ ಎಮ್ಮೆಗಳು ವಿರಳ. ಹೀಗೆ ಏಳು ವರ್ಷ ಜೈಲಿನ ಪ್ರಶ್ನೆಯೊಂದು ಅಂದಾಜಿನ ಮೇಲೆ ನಿಂತಿದೆ. ಅಂದಾಜಿನ ಮೇಲೆ ಕಾನೂನು ನಿಂತರೆ ಸಾಗಿಸುವವನು ಹೆದರುತ್ತಾನೆ, ಹೆದರಿದವನು ದರ ಮುರಿಯುತ್ತಾನೆ, ನಷ್ಟ ಬಂದು ಕೂರುವುದು ಎಮ್ಮೆಯ ಹಗ್ಗ ಹಿಡಿದವನ ಮೇಲೆ. 1964ರ ಹಳೆಯ ಕಾಯ್ದೆಯಲ್ಲಿ ವಯಸ್ಸಿನ ಗೆರೆ ಹನ್ನೆರಡಾಗಿದ್ದರೂ ಜೊತೆಗೆ ಇನ್ನೊಂದು ಬಾಗಿಲಿತ್ತು: ಹಾಲಿಗೆ, ಗರ್ಭಕ್ಕೆ, ದುಡಿಮೆಗೆ ಶಾಶ್ವತವಾಗಿ ನಿಂತುಹೋದ ಪ್ರಾಣಿಗೆ ಪ್ರಮಾಣಪತ್ರ ಕೊಡಬಹುದಿತ್ತು. ಪಶುವೈದ್ಯರು ನೋಡಿ ಹೇಳಬಲ್ಲ ಮಾತು ಅದು. ಹೊಸ ಕಾಯ್ದೆ ನೋಡಿ ಹೇಳಬಲ್ಲದ್ದನ್ನು ಕೈಬಿಟ್ಟು, ಹೇಳಲಾಗದ್ದನ್ನು ಇಟ್ಟುಕೊಂಡಿದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಭಕ್ತಿಯದ್ದು. ಆಕಳನ್ನು ತಾಯಿ ಎಂದು ಕಾಣುವವರು ಈ ನಾಡಿನಲ್ಲಿ ಬಹಳ ಜನ, ಆ ಭಾವನೆಗೆ ಕಾನೂನು ಬೆಲೆ ಕೊಟ್ಟದ್ದನ್ನು ನಾನು ಇಲ್ಲಿ ಪ್ರಶ್ನಿಸುತ್ತಿಲ್ಲ. ಪ್ರಶ್ನೆ ಎಮ್ಮೆಯದ್ದು. ನಮ್ಮ ಹಳ್ಳಿಗಳ ನಂಬಿಕೆಯಲ್ಲಿ ಆಕಳಿಗೂ ಎಮ್ಮೆಗೂ ಎಂದೂ ಒಂದೇ ಜಾಗ ಇರಲಿಲ್ಲ. ದ್ಯಾಮವ್ವ, ದುರ್ಗವ್ವರ ಜಾತ್ರೆಗೆ ಬಲಿಗೆಂದು ಪಟ್ಟದ ಕೋಣವನ್ನು ಬಿಡುತ್ತಿದ್ದ ಊರುಗಳು ಇವು. ನ್ಯಾಯಾಲಯವೂ ಈ ವ್ಯತ್ಯಾಸವನ್ನು ಕಂಡಿದೆ. 1958ರ ಹನೀಫ್ ಖುರೇಷಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆಕಳ ವಧೆಗೆ ಪೂರ್ಣ ನಿಷೇಧವನ್ನು ಎತ್ತಿಹಿಡಿಯಿತು, ಎಮ್ಮೆಯ ಕರುಗಳಿಗೂ ರಕ್ಷಣೆ ಇರಲೆಂದಿತು. ಆದರೆ ಹಾಲು ನಿಂತ ಎಮ್ಮೆಯ ಮೇಲೂ ನಿಷೇಧ ಹೇರುವುದು ಸರಿಯಲ್ಲವೆಂದಿತು. 2005ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಗುಜರಾತಿನ ಕಾಯ್ದೆಯನ್ನು ಒಪ್ಪಿದ್ದು ಹೋರಿ ಎತ್ತುಗಳ ವಿಷಯದಲ್ಲಿ. ಪಕ್ಕದ ಮಹಾರಾಷ್ಟ್ರವನ್ನೇ ನೋಡಿ: 2015ರಿಂದ ಅಲ್ಲಿ ಹೋರಿ ಎತ್ತುಗಳಿಗೂ ಪೂರ್ಣ ನಿಷೇಧವಿದೆ, ಎಮ್ಮೆಗೆ ಮಾತ್ರ ಪ್ರಮಾಣಪತ್ರದ ದಾರಿಯನ್ನು ಉಳಿಸಿಕೊಂಡಿದ್ದಾರೆ. ಗೋರಕ್ಷಣೆಯ ಮಾತು ಜೋರಾಗಿರುವ ಉತ್ತರ ಪ್ರದೇಶವೇ ಎಮ್ಮೆ ಮಾಂಸದ ರಫ್ತಿನಲ್ಲಿ ಮುಂದಿದೆ. ಆ ರಾಜ್ಯಗಳು ಭಕ್ತಿಯಲ್ಲಿ ಕಡಿಮೆಯವೆಂದು ಯಾರೂ ಹೇಳುವುದಿಲ್ಲ. ಎಮ್ಮೆಯನ್ನು ಆಕಳ ಜೊತೆ ಒಂದೇ ಹಗ್ಗಕ್ಕೆ ಕಟ್ಟದೆಯೂ ಆಕಳನ್ನು ರಕ್ಷಿಸಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಿಂಸೆ ಬೇಡವೆನ್ನುವವರ ಮಾತನ್ನು ನಾನು ಮನಸ್ಸಿಟ್ಟು ಕೇಳುತ್ತೇನೆ. ಆದರೆ ಹಾಲಿಲ್ಲದೆ ಸಾಯುವ ಕೋಣಗರುವಿನ ಸಾವು ಹಿಂಸೆಯ ಲೆಕ್ಕಕ್ಕೆ ಬರಬೇಕಲ್ಲವೇ? ಪಶುವೈದ್ಯರ ತಪಾಸಣೆ ಇರುವ ವಧಾಲಯವನ್ನು ಮುಚ್ಚಿದರೆ ವಧೆ ನಿಲ್ಲುವುದಿಲ್ಲ. ತಪಾಸಣೆ ಇಲ್ಲದ ಕತ್ತಲಿಗೆ ಸರಿಯುತ್ತದೆ, ಅಲ್ಲಿ ಪ್ರಾಣಿಯ ನೋವನ್ನಾಗಲಿ ತಿನ್ನುವವರ ಆರೋಗ್ಯವನ್ನಾಗಲಿ ಕೇಳುವವರಿಲ್ಲ. ಇನ್ನು ಕೆಲವರು ಮಾಂಸವನ್ನೇ ಬಿಟ್ಟು ಬರೀ ಅಣಬೆಯಲ್ಲಿ ಈ ಅಡುಗೆ ಮಾಡಿದರಾಯಿತು ಎಂದಾರು. ಮಾಡಬಹುದು, ಚೆನ್ನಾಗಿಯೂ ಆಗುತ್ತದೆ. ಚಿಪ್ಪು ಅಣಬೆಯನ್ನು ಎಳೆಎಳೆಯಾಗಿ ಹರಿದು ಒಣಬಾಣಲೆಯಲ್ಲಿ ಕೆಂಪಗೆ ಹುರಿದರೆ ಮಾಂಸದ ನೆನಪೇ ಆಗುವುದಿಲ್ಲ. ಆದರೆ ಕೊನೆಗೆ ಹಾಕುವ ಕೆನೆ? ಆ ಕೆನೆಗಾಗಿ ಎಮ್ಮೆ ಈಯಬೇಕು, ಈದರೆ ಎರಡಕ್ಕೊಂದು ಗಂಡುಗರು, ಹಾಲು ನಿಂತ ಮೇಲೆ ಗೊಡ್ಡೆಮ್ಮೆ. ಸಸ್ಯಾಹಾರಿಯ ತಟ್ಟೆಯ ಕೆನೆಯಲ್ಲೂ ಪೇಡೆಯಲ್ಲೂ ಈ ಲೆಕ್ಕ ಇದ್ದೇ ಇದೆ. ಅದನ್ನು ಹೊತ್ತಿರುವವನು ಮಾತ್ರ ಬೇರೆ, ಗೌಳಿಗ.

ರಾಜ್ಯದಲ್ಲಿ ಎಮ್ಮೆಗಳು ಕಡಿಮೆಯಾಗಿದ್ದು ಕಾಯ್ದೆ ಬರುವ ಮೊದಲೇ ಶುರುವಾಗಿತ್ತು ಎನ್ನುವುದೂ ನಿಜ. 2019ರ ಜಾನುವಾರು ಗಣತಿಯ ಹೊತ್ತಿಗೆ ಅವು ಸುಮಾರು 30 ಲಕ್ಷಕ್ಕೆ ಇಳಿದಿದ್ದವು. ಮಿಶ್ರತಳಿ ಆಕಳು, ಗೋಮಾಳಗಳ ನಾಶ, ದನ ಮೇಯಿಸಲು ಆಳಿಲ್ಲದಿರುವುದು, ಹೀಗೆ ಕಾರಣ ಹಲವು. ಸತ್ತೂರಿನಂಥ ಊರುಗಳು ಆಸ್ಪತ್ರೆ, ಕಾಲೇಜು, ಬಡಾವಣೆಗಳಾಗಿ ನಗರಕ್ಕೆ ಸೇರಿದಂತೆ ಮೇಯುವ ಜಾಗವೂ ಹೋಗಿದೆ. ಅವನ್ನೆಲ್ಲ ಹಿಂದಕ್ಕೆ ತರುವುದು ಕಷ್ಟ. ಕಾಯ್ದೆಯ ಒಂದು ಸಾಲನ್ನು ತಿದ್ದುವುದು ಕಷ್ಟವಲ್ಲ.

2023ರಲ್ಲಿ ಸರ್ಕಾರ ಬದಲಾಯಿತು, ಈ ಕಾಯ್ದೆಯ ಬಗ್ಗೆ ಮಾತು ಎದ್ದು ತಣ್ಣಗಾಯಿತು. ಚರ್ಚೆ ಹೆಚ್ಚಾಗಿ ಆಕಳ ಸುತ್ತಲೇ ತಿರುಗಿದ್ದರಿಂದ ಎಮ್ಮೆ ಸಾಕುವವನ ಲೆಕ್ಕ ಬದಿಗೆ ಸರಿಯಿತು. ಧಾರವಾಡದ ಶಾಸಕರು ಯಾವ ಪಕ್ಷದವರೇ ಆಗಲಿ, ಹಾಲು ಒಕ್ಕೂಟದ ನಿರ್ದೇಶಕರಾಗಲಿ, ತಳಿಯನ್ನು ದಾಖಲಿಸಿದ ವಿಶ್ವವಿದ್ಯಾಲಯವಾಗಲಿ ಎರಡು ತಿದ್ದುಪಡಿ ಕೇಳಲಿ: ಹಾಲಿಗೂ ಗರ್ಭಕ್ಕೂ ನಿಂತ ಎಮ್ಮೆಗೆ ವಯಸ್ಸು ನೋಡದೆ ಪಶುವೈದ್ಯರ ಪ್ರಮಾಣಪತ್ರ, ಕರುವಿನ ವಯಸ್ಸು ದಾಟಿಸಿ ಮಾಂಸಕ್ಕೆಂದೇ ಬೆಳೆಸಿದ ಕೋಣಕ್ಕೆ ಕಿವಿಯೋಲೆಯ ದಾಖಲೆಯೊಂದಿಗೆ ಪರವಾನಗಿ. ಆಕಳ ರಕ್ಷಣೆಯ ಒಂದಕ್ಷರವನ್ನೂ ಮುಟ್ಟದೆ ಇವೆರಡನ್ನು ಮಾಡಬಹುದು.