ಬಂದು ಹೋಗುವ ಹೊಟ್ಟೆನೋವು

ಹೊಟ್ಟೆನೋವೆಂದರೆ ‘ವಾಯು’ ಎಂದು ತೀರ್ಮಾನಿಸಿ, ಓಮದ ಕಷಾಯ ಕುಡಿದು ಸುಮ್ಮನಾಗುವುದು ನಮ್ಮಲ್ಲಿ ವಾಡಿಕೆ. ಅನೇಕ ವೇಳೆ ಇದರಿಂದ ಹಾನಿಯೇನೂ ಆಗದು. ಆದರೆ ಮತ್ತೆ ಮತ್ತೆ ಬಂದು ತಾನಾಗಿಯೇ ಅಡಗುವ ನೋವನ್ನು ಹೀಗೆ ಕಡೆಗಣಿಸುವುದು ಸಲ್ಲದೆಂಬುದು ನಮ್ಮ ಅಭಿಪ್ರಾಯ. ಅಪರೂಪದ ರೋಗವೊಂದು ಇದಕ್ಕೆ ನಿದರ್ಶನವಾಗಿದೆ.

ಕರುಳಿನ ಗೋಡೆಯ ಸ್ನಾಯುಗಳು ಅಲೆಅಲೆಯಾಗಿ ಸಂಕುಚಿಸಿ ಆಹಾರವನ್ನು ಮುಂದಕ್ಕೆ ನೂಕುತ್ತವೆ. ಗೋಡೆಯಿಂದ ಒಳಮುಖವಾಗಿ ಗೆಡ್ಡೆಯೊಂದು ಬೆಳೆದರೆ, ಈ ಅಲೆಯು ಅದನ್ನೂ ಆಹಾರದ ತುತ್ತಿನಂತೆಯೇ ಮುಂದಕ್ಕೆ ತಳ್ಳುತ್ತದೆ. ಗೆಡ್ಡೆಗೆ ಅಂಟಿದ ಗೋಡೆಯೂ ಅದರೊಡನೆ ಸಾಗಬೇಕಾಗುತ್ತದೆ. ಆಗ ದೂರದರ್ಶಕದ ಕೊಳವೆಗಳು ಒಂದರೊಳಗೊಂದು ಜಾರುವಂತೆ, ಕರುಳಿನ ಒಂದು ಭಾಗವು ಮುಂದಿನ ಭಾಗದೊಳಕ್ಕೆ ಸೇರಿಕೊಳ್ಳುತ್ತದೆ. ವೈದ್ಯರು ಇದನ್ನು ಇಂಟಸಸೆಪ್ಷನ್ ಎನ್ನುತ್ತಾರೆ. ಸೇರಿದ ಭಾಗವು ಹಿಂದಕ್ಕೆ ಜಾರಿದರೆ ನೋವು ಅಡಗುತ್ತದೆ. ಗೆಡ್ಡೆಯಾದರೋ ಅಲ್ಲಿಯೇ ಉಳಿಯುತ್ತದೆ. ಸಿಕ್ಕಿಕೊಂಡರೆ ಅದರ ರಕ್ತನಾಳಗಳು ಅದುಮಿಹೋಗಿ ಕರುಳು ಕೊಳೆಯತೊಡಗಬಹುದು.

ಈ ರೋಗ ಬಹುಮಟ್ಟಿಗೆ ಮಕ್ಕಳದು. ವಯಸ್ಕರ ಪಾಲು ನೂರಕ್ಕೆ ಸುಮಾರು 5 ಮಾತ್ರ. ಮಕ್ಕಳಲ್ಲಿ ಸಾಮಾನ್ಯವಾಗಿ ಗೆಡ್ಡೆ ಇರುವುದಿಲ್ಲ. ಗುದದ್ವಾರದಿಂದ ಗಾಳಿಯನ್ನೋ ದ್ರವವನ್ನೋ ಒತ್ತಡದಿಂದ ಹಾಯಿಸಿ ಅನೇಕರನ್ನು ಗುಣಪಡಿಸಬಹುದು. ಶಸ್ತ್ರಚಿಕಿತ್ಸೆಗೆ ಒಳಗಾಗುವ ವಯಸ್ಕರಲ್ಲಿಯಾದರೆ ಗೆಡ್ಡೆಯಂತಹ ಕಾರಣವೊಂದು ಬಹುತೇಕ ಇದ್ದೇ ಇರುತ್ತದೆ. ಸಣ್ಣ ಕರುಳಿನಲ್ಲಿ ಅದು ಹೆಚ್ಚಾಗಿ ಕ್ಯಾನ್ಸರ್ ಅಲ್ಲದ ಗೆಡ್ಡೆ. ದೊಡ್ಡ ಕರುಳಿನಲ್ಲಿ ಅರ್ಧಕ್ಕೂ ಹೆಚ್ಚು ವೇಳೆ ಕ್ಯಾನ್ಸರ್.

ಹಿಂದೆ ವಯಸ್ಕರಲ್ಲಿ ಈ ರೋಗವು ಎಷ್ಟೋ ಸಲ ಹೊಟ್ಟೆಯನ್ನು ತೆರೆದ ಮೇಲೆಯೇ ತಿಳಿಯುತ್ತಿತ್ತು. ದೇಹದ ಅಡ್ಡಕೊಯ್ತದ ಚಿತ್ರವನ್ನು ಎಕ್ಸ್-ಕಿರಣಗಳಿಂದ ಪಡೆಯುವ ಗಣಿತವನ್ನು ಭೌತವಿಜ್ಞಾನಿ ಅಲನ್ ಕಾರ್ಮ್ಯಾಕ್ ಅವರು 1963ರಲ್ಲಿ ಪ್ರಕಟಿಸಿದರು. ಸ್ವತಂತ್ರವಾಗಿ ದುಡಿದ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಯಂತ್ರವು 1971ರಲ್ಲಿ ಲಂಡನ್ನಿನಲ್ಲಿ ರೋಗಿಯೊಬ್ಬರ ಮಿದುಳಿನ ಚಿತ್ರವನ್ನು ತೆಗೆಯಿತು. 1979ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು. ಅದೇ ಸಿ.ಟಿ. ಯಂತ್ರದಲ್ಲಿ ಇಂದು ಒಳಸೇರಿದ ಕರುಳು ಉಂಗುರದೊಳಗಿನ ಉಂಗುರದಂತೆ ಕಾಣುತ್ತದೆ.

ಆದರೆ ರೋಗಿಯು ವೈದ್ಯರ ಬಳಿಗೆ ಹೋಗದಿದ್ದರೆ ಯಂತ್ರದಿಂದ ಪ್ರಯೋಜನವೇನು? ಮನೆಯ ಹಿರಿಯರು ನೋವನ್ನು ನುಂಗಿಕೊಂಡು ಇರುವುದುಂಟು. ವಾರಗಟ್ಟಲೆ ನೋವು ಬಂದು ಹೋಗುತ್ತಿದ್ದರೆ, ಅದರೊಡನೆ ವಾಂತಿಯಾಗಲಿ ಮಲದಲ್ಲಿ ರಕ್ತವಾಗಲಿ ಕಂಡರೆ, ಹರಳೆಣ್ಣೆ ಕುಡಿಸದೆ, ಹೊಟ್ಟೆ ನೀವಿಸದೆ, ಅವರನ್ನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ನೋವು ಅಡಗಿದ ಮಾತ್ರಕ್ಕೆ ಕಾರಣವೂ ಅಳಿಯಿತೆಂದು ತಿಳಿಯಬಾರದೆಂಬುದನ್ನು ಮನೆಯವರಿಗೆ ಮನಗಾಣಿಸುವುದು, ವಿಜ್ಞಾನವನ್ನು ಓದುವ ನಮ್ಮೆಲ್ಲರ ಕರ್ತವ್ಯ.