ಸಿಡ್ಲಫಡಿಯಿಂದ ಇಳಿದು ಬಂದದ್ದು



ಕಳೆದ ಸಂಚಿಕೆಯಲ್ಲಿ ಇಳಕಲ್ ಸೀರೆಯ ಸೆರಗಿನ ಬಗ್ಗೆ ಬರೆದಿದ್ದೆ. ಓದಿ ಮೆಚ್ಚಿಕೊಂಡು ಫೋನ್ ಮಾಡಿದವರೆಲ್ಲ ನಿಮ್ಮ ಅಮ್ಮಂದಿರು. ನಿಮ್ಮಲ್ಲಿ ಒಬ್ಬರೂ ಮಾಡಲಿಲ್ಲ! ಇರಲಿ, ಈ ಸಲ ನೀವೇ ಕೇಳಿದ ಪ್ರಶ್ನೆಗೆ ಉತ್ತರ ಬರೆಯುತ್ತೇನೆ. ಯುಗಾದಿ ಊಟದ ಸಾಲಿನಲ್ಲಿ ನಿಂತಾಗ ಒಬ್ಬ ಹುಡುಗ, "ಕಾಕೂ, ಮಳಿ ಬಂದಾಗ ನೀವು ಗ್ಯಾಲರಿಯೊಳಗ ಕ್ಯಾಮೆರಾ ಹಚ್ಚಿ ಕೂಡತೀರಂತ, ಖರೇನ?" ಎಂದು ಕೇಳಿದ. ಪಕ್ಕದ ಹುಡುಗಿಯರು ಕಿಸಕ್ಕನೆ ನಕ್ಕರು. ಖರೇನೇ ಅಂದೆ. "ಹಂಗಾದ್ರ ನಮಗೂ ಕಲಸ್ರಿ. ಜೂನಿನ್ಯಾಗ ನಾವೆಲ್ಲಾ ಕಚ್ಛ್‌ಗೆ ಹೊಂಟೇವಿ, ಕಡಿಯಾ ಧ್ರೋ ಒಳಗ ನಿಂತು ಮಿಂಚಿನ ಫೋಟೋ ತೆಗೀತೀವಿ" ಅಂದ. ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ನೀವು ಇಲ್ಲೇ ಹುಟ್ಟಿ ಬೆಳೆದವರು. ನಿಮಗೆ ಆಕಾಶದಲ್ಲಿ ಫಳ್ ಎನ್ನುವುದೂ ವೀಜಳಿ, ತಂತಿಯಲ್ಲಿ ಹರಿಯುವುದೂ ವೀಜಳಿ. ಗುಜರಾತಿಯಲ್ಲಿ ಎರಡಕ್ಕೂ ಒಂದೇ ಮಾತು. ಕನ್ನಡದಲ್ಲಿ ಕಣ್ಣಿಗೆ ಕಾಣುವುದು ಮಿಂಚು, ಕಿವಿಗೆ ಕೇಳುವುದು ಗುಡುಗು, ನೆಲಕ್ಕೆ ಬಂದು ಬಡಿಯುವುದು ಸಿಡಿಲು. ಮೊದಲ ಎರಡರ ಬಗ್ಗೆ ನಮ್ಮ ಮನೆಯಲ್ಲಿ ಮಕ್ಕಳು ಏನು ಬೇಕಾದರೂ ಮಾತಾಡಬಹುದಿತ್ತು. ಮೂರನೆಯದರ ಹೆಸರನ್ನು ದೊಡ್ಡವರೂ ದನಿ ತಗ್ಗಿಸಿ ಹೇಳುತ್ತಿದ್ದರು.

ನನ್ನ ತವರು ಗುಳೇದಗುಡ್ಡ. ಖಣ ನೇಯುವ ಊರು, ಬಾದಾಮಿಗೆ ಹತ್ತಿರ. ಸುತ್ತ ಕೆಂಪು ಮರಳುಗಲ್ಲಿನ ಗುಡ್ಡ. ನಮ್ಮ ಸೂರತ್ತಿನಲ್ಲಿ ಬೀಳುವ ಮಳೆಯ ಅರ್ಧದಷ್ಟೂ ಅಲ್ಲಿ ಬೀಳುವುದಿಲ್ಲ. ಬೀಳುವ ಅಷ್ಟರಲ್ಲಿಯೂ ಎಪ್ರಿಲ್–ಮೇ ತಿಂಗಳ ಅಡ್ಡಮಳೆ ಗಾಳಿ, ಗುಡುಗು, ಆಣಿಕಲ್ಲು ಎಲ್ಲವನ್ನೂ ಕಟ್ಟಿಕೊಂಡೇ ಬರುತ್ತದೆ. 1981ರ ಬೇಸಿಗೆ. ನನಗೆ ಹನ್ನೊಂದು ವರ್ಷ. ಕಾಕಾನ ಮಗ, ನನಗಿಂತ ಎರಡು ವರ್ಷ ದೊಡ್ಡವ, ಆಡು ಹೊಡೆದುಕೊಂಡು ಗುಡ್ಡಕ್ಕೆ ಹೋಗಿದ್ದ. ಮಳೆ ಬಂತೆಂದು ಬೇವಿನ ಮರದ ಕೆಳಗೆ ನಿಂತಿದ್ದ. ಅಷ್ಟೇ ಹೇಳುತ್ತೇನೆ.

ಅಂದಿನಿಂದ ಗುಡುಗಿದಾಗಲೆಲ್ಲ ನಾನು ಅರ್ಜುನನ ಹತ್ತು ಹೆಸರು ಹೇಳಿಕೊಂಡು ಮೂಲೆ ಸೇರುವವಳು. ಮದುವೆಯಾಗಿ ಉಧ್ನಾಕ್ಕೆ ಬಂದು, ಎರಡು ಮಕ್ಕಳ ತಾಯಿಯಾದ ಮೇಲೂ ಅದೇ ಕಥೆ. ಬಿ.ಎ. ಓದುವಾಗ ಕಿಂಗ್ ಲಿಯರ್ ನಾಟಕದಲ್ಲಿ ಆ ಮುದುಕ ರಾಜ ಬಯಲಿನಲ್ಲಿ ಬರಿದಲೆಯಲ್ಲಿ ನಿಂತು ಸಿಡಿಲಿಗೆ ಸವಾಲು ಹಾಕುವ ದೃಶ್ಯವಿತ್ತು. ನಮ್ಮ ಅಧ್ಯಾಪಕರು ಅದು ಅವನ ಮನಸ್ಸಿನ ಬಿರುಗಾಳಿ ಎಂದು ಬಹಳ ಚೆನ್ನಾಗಿ ವಿವರಿಸಿದರು. ನನಗೆ ಮಾತ್ರ, ಒಳಗೆ ಬನ್ನಿ ಒಳಗೆ ಬನ್ನಿ ಎಂದು ಅವನನ್ನು ಗುಡಿಸಲಿಗೆ ಕರೆಯುತ್ತಲೇ ಇರುವ ಕೆಂಟ್ ಒಬ್ಬನೇ ಬುದ್ಧಿವಂತನಾಗಿ ಕಂಡ!

ಕೆಲವು ವರ್ಷಗಳ ಹಿಂದೆ ಮಗ ಹೊಸ ಕ್ಯಾಮೆರಾ ಕೊಂಡ. ಹಳೆಯದು, ಅದರ ಮೂರು ಕಾಲಿನ ಸ್ಟ್ಯಾಂಡಿನ ಸಮೇತ, ನನ್ನ ಪಾಲಿಗೆ ಬಂತು. ಅದೇ ಸುಮಾರಿಗೆ ಅಮೆರಿಕದ ಅರಿಝೋನಾದಲ್ಲಿರುವ ತಂಗಿಯ ಮಗ ಒಂದು ಚಿತ್ರ ಕಳಿಸಿದ. ಗ್ರ್ಯಾಂಡ್ ಕ್ಯಾನ್ಯನ್ ಹೆಸರು ನೀವು ಕೇಳಿರುತ್ತೀರಿ. ಕೊಲರಾಡೋ ನದಿ ಕೊರೆದ ಕಣಿವೆ, 440 ಕಿಲೋಮೀಟರಿಗಿಂತ ಉದ್ದ, ಕೆಲವೆಡೆ ಒಂದೂವರೆ ಕಿಲೋಮೀಟರಿಗಿಂತ ಆಳ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಆ ಮರುಭೂಮಿಯಲ್ಲೂ ಮಧ್ಯಾಹ್ನ ಮೋಡ ಕಟ್ಟಿ ಗುಡುಗುತ್ತದೆ. ಅಲ್ಲಿಯವರು ಅದನ್ನೂ ಮಾನ್ಸೂನ್ ಎಂದೇ ಕರೆಯುತ್ತಾರೆ. ಚಿತ್ರದಲ್ಲಿ ಕೆಂಪು ಬಂಡೆಗಳ ಮೇಲೆ ಮಿಂಚೊಂದು ಬೇರು ಬಿಟ್ಟಂತೆ ಇಳಿದಿತ್ತು. ನೋಡಿದವಳೇ ನಾನು, 'ಅಯ್ಯೋ, ಇದು ನಮ್ಮ ಬಾದಾಮಿ!' ಅಂದೆ. ನಲವತ್ತು ವರ್ಷ ಕಣ್ಣು ಮುಚ್ಚಿಕೊಂಡಿದ್ದವಳಿಗೆ, ಇದನ್ನು ಕಣ್ಣು ತೆರೆದು ನೋಡಬಹುದು ಎಂದು ಅಂದು ಮೊದಲ ಸಲ ಅನ್ನಿಸಿತು.

ಆ ವರ್ಷ ಜೂನಿನಲ್ಲಿ ಅಗಾಸಿ ಹತ್ತಿ ನಿಂತೆ. (ಇದು ನನ್ನ ಮೊದಲ ತಪ್ಪು.) ಮಿಂಚು ಕಂಡಾಗ ಗುಂಡಿ ಒತ್ತಿದೆ. ಇನ್ನೂರು ಚಿತ್ರ ತೆಗೆದೆ, ಇನ್ನೂರರಲ್ಲೂ ಕತ್ತಲೆ ಮತ್ತು ಎದುರು ಕಾರ್ಖಾನೆಯ ಚಿಮಣಿ. ತಂಗಿಯ ಮಗನಿಗೆ ಫೋನಿನಲ್ಲಿ ಹೇಳಿದರೆ ಅವನು ನಕ್ಕ. "ದೊಡ್ಡವ್ವಾ, ಮಿಂಚು ಕಂಡ ಮ್ಯಾಲೆ ಒತ್ತಿದ್ರ ಏನೂ ಸಿಗೂದಿಲ್ಲ. ಮೊದಲ ತೆರೆದಿಡು, ಆಮ್ಯಾಲೆ ಅದರ ಹಾದಿ ಕಾಯಿ."

ಇಡೀ ವಿದ್ಯೆ ಇಷ್ಟೇ. ಕಣ್ಣು ಕಂಡು, ಬೆರಳು ಒತ್ತುವಷ್ಟರಲ್ಲಿ ಸೆಕೆಂಡಿನ ಐದನೇ ಒಂದು ಭಾಗವಾದರೂ ಹೋಗುತ್ತದೆ. ಅಷ್ಟರಲ್ಲಿ ಮಿಂಚು ಬಂದು ಹೋಗಿರುತ್ತದೆ. ಆದ್ದರಿಂದ ಕತ್ತಲಾದ ಮೇಲೆ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಅಲುಗದಂತೆ ನಿಲ್ಲಿಸಿ, ಫೋಕಸ್ಸನ್ನು ಕೈಯಿಂದಲೇ ದೂರದ ದೀಪವೊಂದಕ್ಕೆ ಹೊಂದಿಸಿ, ಶಟರನ್ನು ಹತ್ತು, ಇಪ್ಪತ್ತು, ಮೂವತ್ತು ಸೆಕೆಂಡು ತೆರೆದಿಡಬೇಕು. ಆ ಹೊತ್ತಿನಲ್ಲಿ ಮಿಂಚು ಬಂದರೆ ತನ್ನ ಚಿತ್ರವನ್ನು ತಾನೇ ಬರೆದುಕೊಳ್ಳುತ್ತದೆ. ಬರದಿದ್ದರೆ ಮತ್ತೆ ತೆರೆಯುವುದು. 1882ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಜೆನ್ನಿಂಗ್ಸ್ ಎಂಬಾತ ಗಾಜಿನ ಪ್ಲೇಟಿನ ಮೇಲೆ ಮಿಂಚನ್ನು ಹಿಡಿದ. ಚಿತ್ರಕಾರರು ಗರಗಸದ ಹಲ್ಲಿನಂತೆ ಮಿಂಚು ಬರೆಯುತ್ತಾರಲ್ಲ, ಅದು ಸುಳ್ಳು ಎಂದು ಅವನ ಚಿತ್ರಗಳು ತೋರಿಸಿದವು. ನೀವೇ ನೋಡಿ, ಅದು ನದಿಯ ನಕ್ಷೆಯ ಹಾಗಿರುತ್ತದೆ.

ಇನ್ನೊಂದು ಗುಟ್ಟು ನನಗೆ ಬಹಳ ತಡವಾಗಿ ತಿಳಿಯಿತು. ಶಟರ್ ಹೆಚ್ಚು ಹೊತ್ತು ತೆರೆದಿಟ್ಟರೆ ಮಿಂಚು ಹೆಚ್ಚು ಬೆಳ್ಳಗಾಗುವುದಿಲ್ಲ, ಊರ ದೀಪದ ಬೆಳಕು ಮಾತ್ರ ಹೆಚ್ಚುತ್ತದೆ. ಮಿಂಚಿಗೆ ಬೇಕಾದದ್ದು ಕಿಟಕಿ ಎಷ್ಟು ಅಗಲ ತೆರೆದಿದೆ ಎಂಬುದು, ಎಷ್ಟು ಹೊತ್ತು ತೆರೆದಿದೆ ಎಂಬುದಲ್ಲ. ಆ ಅಗಲವೇ ಅಪರ್ಚರ್. ನಾನು ಎಫ್ 8ರಲ್ಲಿ, ಐ.ಎಸ್.ಓ. 100 ಅಥವಾ 200ರಲ್ಲಿ ಇಡುತ್ತೇನೆ. ಮಿಂಚು ತೀರ ಹತ್ತಿರವಾಗಿ ಬೆಳ್ಳಗೆ ಉರಿದುಹೋದರೆ ಎಫ್ 11. ಉಧ್ನಾದಲ್ಲಿ ರಾತ್ರಿಯಿಡೀ ಕಾರ್ಖಾನೆ ದೀಪಗಳಿರುವುದರಿಂದ ಮೂವತ್ತು ಸೆಕೆಂಡು ತೆರೆದಿಟ್ಟರೆ ಆಕಾಶವೆಲ್ಲ ಚಹಾದ ಬಣ್ಣವಾಗುತ್ತದೆ, ಎಂಟು ಸಾಕು. ಇಲ್ಲಿ ಮಿಂಚಿನ ಕಾಲ ಎರಡು. ಜೂನಿನಲ್ಲಿ ಮಳೆ ಕಾಲಿಡುವಾಗ ಒಮ್ಮೆ, ಹಿಂದಿರುಗುವಾಗ ಒಮ್ಮೆ. ನವರಾತ್ರಿಯಲ್ಲಿ ನಿಮ್ಮ ಗರಬಾ ಕೆಡಿಸುತ್ತದಲ್ಲ, ಅದೇ. ನಡುವಿನ ಜುಲೈ ಮಳೆ ಸುಮ್ಮನೆ ಸುರಿಯುತ್ತದೆ, ಮಿಂಚುವುದು ಕಡಿಮೆ.

ಹೀಗೆ ಎರಡು ಮಳೆಗಾಲ ಗ್ಯಾಲರಿಯಲ್ಲಿ ಅಭ್ಯಾಸ ಮಾಡಿ, 2022ರ ಮೇ ತಿಂಗಳಲ್ಲಿ ಮುಂಬಯಿಯಿಂದ ಗದಗ ಗಾಡಿ ಹಿಡಿದು ತವರಿಗೆ ಹೋದೆ. ಕೃತ್ತಿಕೆ ಮಳೆ ನಡೆದಿತ್ತು. ಮನಸ್ಸಿನಲ್ಲಿ ಒಂದು ಚಿತ್ರ ಮೊದಲೇ ಸಿದ್ಧವಾಗಿತ್ತು.

ಬಾದಾಮಿಯನ್ನು ನೀವು ಶಾಲೆಯ ಪುಸ್ತಕದಲ್ಲಿ ನೋಡಿರಬಹುದು. ಎರಡು ಕೆಂಪು ಗುಡ್ಡ, ನಡುವೆ ಅಗಸ್ತ್ಯ ತೀರ್ಥ, ತೆಂಕಣ ಗುಡ್ಡದಲ್ಲಿ ಗುಹೆಗಳು, ಬಡಗಣ ಗುಡ್ಡದ ಮೇಲೆ ಕೋಟೆ ಮತ್ತು ಶಿವಾಲಯಗಳು. 543ರಲ್ಲಿ ಮೊದಲನೆಯ ಪುಲಕೇಶಿ ಕಟ್ಟಿಸಿದ ಕೋಟೆ. (ಅದೇ ಚಾಲುಕ್ಯರ ಒಂದು ಶಾಖೆ ಇಲ್ಲೇ ಪಕ್ಕದ ನವಸಾರಿಯಿಂದ ಆಳಿತ್ತು. ಲೋಕಲ್ ಗಾಡಿಯಲ್ಲಿ ಹೋಗುವಾಗ ನೆನೆಸಿಕೊಳ್ಳಿ.) ಅಲ್ಲಿಂದ ಸುಮಾರು ನಾಲ್ಕು ಕಿಲೋಮೀಟರ್ ಕುರುಚಲು ಕಾಡಿನಲ್ಲಿ ನಡೆದರೆ ಸಿಡ್ಲಫಡಿ. ಎರಡು ಬಂಡೆಗಳ ಮೇಲೆ ಸೇತುವೆ ಹಾಕಿದಂತೆ ನಿಂತ ದೊಡ್ಡ ಕಲ್ಲು, ಅದರಲ್ಲಿ ಆಕಾಶ ಕಾಣುವ ತೂತುಗಳು. ಕೆಳಗೆ ಆದಿಮಾನವರು ಬರೆದ ಚಿತ್ರಗಳಿವೆ. ಫಡಿ ಎಂದರೆ ಬಂಡೆ. ಸಿಡಿಲು ಬಡಿದು ಆ ತೂತುಗಳಾದವು ಎಂದು ಜನ ಹೇಳುತ್ತಾರೆ. ಸಿಡ್ಲಫಡಿಯ ಮೇಲೆ ಸಿಡಿಲು! ಚಿತ್ರದ ಕೆಳಗೆ ಬರೆಯುವ ಹೆಸರೂ ನನಗೆ ಸಿದ್ಧವಿತ್ತು ನೋಡಿ.

ವೈನಿ ಬೇಡವೆಂದರೂ ಕೇಳದೆ ಅಣ್ಣನ ಮಗನನ್ನು ಕರೆದುಕೊಂಡು ಮಧ್ಯಾಹ್ನ ಎರಡಕ್ಕೆ ಹೊರಟೆ. ಮೂರೂವರೆಗೆ ನೈಋತ್ಯದಲ್ಲಿ ಮೋಡ ಹೂಕೋಸಿನ ಹಾಗೆ ಮೇಲೆದ್ದಿತು. ದೂರದಲ್ಲಿ ಒಂದು ಮಿಂಚು. ಹುಡುಗ ಎಣಿಸಿದ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು. ನಲವತ್ತೈದಾಯಿತು, ಅಂದರೆ ಹದಿನೈದು ಕಿಲೋಮೀಟರ್. ಸ್ಟ್ಯಾಂಡ್ ಬಿಚ್ಚಿ ಬಂಡೆಯ ಕಮಾನಿನ ಕೆಳಗೆ ನಿಲ್ಲಿಸಿದೆ. ಮತ್ತೊಂದು, ಮೂವತ್ತಾರು. "ಅತ್ತೀ, ಹೋಗೂಣು" ಅಂದ. ಇರು, ಮಳೆ ಬಂದರೂ ಮೇಲೆ ಕಲ್ಲಿದೆ, ನೆನೆಯುವುದಿಲ್ಲ ಅಂದೆ.

ಆಗ ಒಬ್ಬ ಮುದುಕಿ ಆಡುಗಳನ್ನು ಹೊಡೆದುಕೊಂಡು ಇಳಿದು ಬಂದಳು. ನಮ್ಮನ್ನು ಕಂಡು ನಿಂತಳು. "ಏ ತಂಗೀ, ಯಾವೂರಾಕಿ ನೀ? ಈ ಕಲ್ಲಿಗೆ ಈ ಹೆಸರು ಯಾಕ ಬಂದೈತಿ ಅಂತ ಗೊತ್ತಿಲ್ಲೇನ? ಆ ಹುಡಗನ್ನ ಕರಕೊಂಡು ಮದಲ ಇಳಿ."

ಹುಡುಗನ ಮುಖ ನೋಡಿದೆ. ಅವನಿಗೆ ಹದಿಮೂರು ವರ್ಷ. ನನ್ನ ಕೈಯೇ ನಡುಗಿ ಸ್ಟ್ಯಾಂಡಿನ ಕಾಲು ಮಡಚಲು ಬರಲಿಲ್ಲ, ಅವನೇ ಮಡಚಿದ. ಆ ಮುದುಕಿಯ ಆಡುಗಳ ಹಿಂದೆ ಓಡುತ್ತಾ ನಡೆಯುತ್ತಾ ಇಳಿದೆವು. ಊರ ಅಂಚಿಗೆ ಬಂದು ಅಣ್ಣನ ಸ್ನೇಹಿತರ ಮನೆ ಹೊಕ್ಕಾಗ ಎಣಿಕೆ ಹನ್ನೆರಡಕ್ಕೆ ಬಂದಿತ್ತು.

ಆಮೇಲೆ ಓದಿ ತಿಳಿದುಕೊಂಡೆ. ಮರದ ಕೆಳಗೆ ನಿಲ್ಲಬಾರದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆದರೆ ಬಂಡೆಯ ಚಾಚು, ಆಳವಿಲ್ಲದ ಗುಹೆ, ಇವೂ ಆಸರೆಯಲ್ಲ. ಸಿಡಿಲು ಬಂಡೆಗೆ ಬಡಿದರೆ ವಿದ್ಯುತ್ತು ಒದ್ದೆ ಕಲ್ಲಿನ ಮೈಮೇಲೆ ಹರಿದು, ಗುಹೆಯ ಬಾಯಲ್ಲಿ ಮೇಲಿನಿಂದ ಕೆಳಕ್ಕೆ ಜಿಗಿಯುತ್ತದೆ. ನಾವು ನಿಲ್ಲುವುದು ಆ ಬಾಯಲ್ಲೇ. ನಂಬಬಹುದಾದದ್ದು ಎರಡೇ: ಗಟ್ಟಿ ಮನೆ, ಅಥವಾ ಗಾಜು ಏರಿಸಿದ ಕಬ್ಬಿಣದ ಮೈಯ ಕಾರು, ಬಸ್ಸು. ಬೈಕು, ಟಂಟಂ ಲೆಕ್ಕಕ್ಕಿಲ್ಲ. ಎಣಿಕೆ ಮೂವತ್ತಕ್ಕೆ ಇಳಿಯುವ ಮೊದಲೇ ಒಳಗಿರಬೇಕು, ಕೊನೆಯ ಗುಡುಗು ಕೇಳಿ ಮೂವತ್ತು ನಿಮಿಷ ಹೊರಗೆ ಬರಬಾರದು. ನಮ್ಮ ದೇಶದಲ್ಲಿ ಸಿಡಿಲಿಗೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ, ಹೆಚ್ಚಿನವರು ಹೊಲದಲ್ಲಿ, ಬಯಲಲ್ಲಿ ಇದ್ದವರು. ಪುಣೆಯ ಹವಾಮಾನ ಸಂಸ್ಥೆಯವರು ಮಾಡಿದ 'ದಾಮಿನಿ' ಎಂಬ ಆಪ್ ಇದೆ, ಸುತ್ತಮುತ್ತ ಎಲ್ಲಿ ಮಿಂಚುತ್ತಿದೆ ಎಂದು ತೋರಿಸುತ್ತದೆ. ಫೋನಿನಲ್ಲಿ ಏನೇನೋ ಹಾಕಿಕೊಂಡಿರುತ್ತೀರಿ, ಇದನ್ನೂ ಹಾಕಿಕೊಳ್ಳಿ.

ಈಗ ಕಡಿಯಾ ಧ್ರೋ. ನಖತ್ರಾಣಾ ಕಡೆಯ ಆ ಕಣಿವೆಯನ್ನು ನೀರೇ ಮರಳುಗಲ್ಲು ಕೊರೆದು ಮಾಡಿದೆ. ಅಂದಮೇಲೆ ಮಳೆ ಬಂದರೆ ನೀರು ಅಲ್ಲಿಗೇ ಬರುತ್ತದೆ, ನಿಮ್ಮ ತಲೆಯ ಮೇಲೆ ಹನಿ ಬೀಳದಿದ್ದರೂ ಮೇಲ್ಗಡೆ ಸುರಿದದ್ದು ಸಾಕು. ಚಳಿಗಾಲದಲ್ಲಿ ಹೋಗಿ ನೋಡಿ ಬನ್ನಿ, ಬಂಡೆಯ ಬಣ್ಣ ಆಗಲೇ ಚೆಂದ. ಜೂನಿನಲ್ಲೇ ಹೋಗುವುದಾದರೆ ಕಣಿವೆಗೆ ಇಳಿಯಬೇಡಿ. ದೂರದ ಊರಿನಲ್ಲಿ ಮನೆಯೊಳಗೋ ಕಾರಿನೊಳಗೋ ಕುಳಿತು ಕಾಯಿರಿ. ಹತ್ತು-ಹದಿನೈದು ಕಿಲೋಮೀಟರ್ ದೂರದ ಮಿಂಚೇ ಚಿತ್ರಕ್ಕೆ ಒಳ್ಳೆಯದು. ತೀರ ಹತ್ತಿರದ್ದು ಚೌಕಟ್ಟಿನಲ್ಲಿ ಹಿಡಿಸುವುದೂ ಇಲ್ಲ. ಉಧ್ನಾದ ಮನೆಯಲ್ಲೂ ನಾನೀಗ ಸ್ಟ್ಯಾಂಡನ್ನು ಗ್ಯಾಲರಿಯಲ್ಲಿಟ್ಟು, ರಿಮೋಟು ಹಿಡಿದು ಒಳಗೆ ಕಾಟಿನ ಮೇಲೆ ಕೂಡುತ್ತೇನೆ. ನಿಮ್ಮ ಕಾಕಾ ಅಲ್ಲೇ ಟಿ.ವಿ. ನೋಡುತ್ತಿರುತ್ತಾರೆ.

ಬಾದಾಮಿಯ ಆ ಮನೆಯವರು ಚಹಾ ಕೊಟ್ಟು, ಮಹಡಿಯ ಕೋಣೆ ತೋರಿಸಿದರು. ಕಿಟಕಿಗೆ ಬಡಗಣ ಗುಡ್ಡ ಎದುರು. ಮಳೆ ನಮ್ಮನ್ನು ದಾಟಿ ಗುಡ್ಡದ ಹಿಂದೆ ಹೋಯಿತು. ಏಳಕ್ಕೆ ಕರೆಂಟ್ ಹೋಗಿ ಊರೆಲ್ಲ ಕತ್ತಲಾಯಿತು. ಎಲ್ಲರೂ ಬೈದುಕೊಂಡರು, ನನಗೊಬ್ಬಳಿಗೆ ಒಳಗೊಳಗೇ ಸಂತೋಷ! ಒಂಬತ್ತರವರೆಗೆ ಇಪ್ಪತ್ತಿಪ್ಪತ್ತು ಸೆಕೆಂಡಿನಂತೆ ತೊಂಬತ್ತು ಚಿತ್ರ. ಆರರಲ್ಲಿ ಮಿಂಚಿತ್ತು. ಒಂದರಲ್ಲಿ ಮಾತ್ರ ಶಿವಾಲಯದ ಶಿಖರ ಕಪ್ಪಗೆ, ಅದರ ಹಿಂದೆ ಮಿಂಚು ಆಕಾಶ ತುಂಬ ಕವಲೊಡೆದು, ಬಂಡೆಯ ಒಂದು ಅಂಚು ಮಾತ್ರ ಕೆಂಪಗೆ.

ಮರುದಿನ ಗುಳೇದಗುಡ್ಡದಲ್ಲಿ ಎಲ್ಲರಿಗೂ ತೋರಿಸಿದೆ. ಚಿಗವ್ವನಿಗೆ ತೋರಿಸಲಿಲ್ಲ. ಅವಳಿಗೆ ಎಂಬತ್ತರ ಹತ್ತಿರ. ಆ ಹುಡುಗನ ತಾಯಿ. ಆದರೆ ಮನೆಯಲ್ಲಿ ಮಾತು ನಿಲ್ಲುತ್ತದೆಯೇ? ಸಂಜೆ ಅವಳೇ ಕೋಲೂರಿಕೊಂಡು ಬಂದು, "ನನಗ ಯಾಕ ತೋರ್ಸಲಿಲ್ಲ?" ಅಂದಳು. ಕ್ಯಾಮೆರಾದ ಸಣ್ಣ ಪರದೆಯನ್ನು ಅವಳ ಕಣ್ಣ ಹತ್ತಿರ ಹಿಡಿದೆ. ಮಿಂಚು ಗುಡ್ಡದ ಹಿಂದೆ ಮರೆಯಾಗುವ ಜಾಗದ ಮೇಲೆ ಬೆರಳಿಟ್ಟಳು.

"ಇದು ಎಲ್ಲಿ ಬಿತ್ತವ್ವಾ?"

"ಗೊತ್ತಿಲ್ಲ ಚಿಗವ್ವಾ. ಗುಡ್ಡದ ಆಚೀಗೆ."

"ಅಲ್ಲಿ ಯಾರಿದ್ರು?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಅಣ್ಣ ಆ ಕಡೆಯ ಊರುಗಳಲ್ಲಿದ್ದ ಪರಿಚಯದವರಿಗೆಲ್ಲ ಫೋನ್ ಮಾಡಿದ. ಒಂದು ಬಣವೆ ಸುಟ್ಟಿತ್ತು, ಮನುಷ್ಯರಿಗೆ, ದನಕ್ಕೆ ಏನೂ ಆಗಿರಲಿಲ್ಲ. ಹೋಗಿ ಚಿಗವ್ವನಿಗೆ ಹೇಳಿದೆ.

"ಹಂಗಾದ್ರ ಚಲೋ ಆತು," ಅಂದಳು. "ಈಗ ಇನ್ನೊಮ್ಮೆ ತೋರ್ಸು."

ಈ ಸಲ ಬಹಳ ಹೊತ್ತು ನೋಡಿದಳು. ಆಮೇಲೆ ಬೆರಳಿನಿಂದ ಮಿಂಚಿನ ಕವಲುಗಳನ್ನು ಒಂದೊಂದಾಗಿ ಎಣಿಸತೊಡಗಿದಳು. ಹದಿನೇಳಿದ್ದವು.