ಮಾಜಿ ಯೋಧರಿಗೆ ಕೆಡೆಟ್‌ಗಳ ತೋಳು ಬೇಕಾಗಿದೆ

1915ರ ಆಗಸ್ಟ್‌ನಲ್ಲಿ ಗಲಿಪೊಲಿಯ ಕಾಳಗದಲ್ಲಿ ನ್ಯೂಜಿಲೆಂಡ್ ಸೈನಿಕ ಕ್ಲೂಥಾ ಮೆಕೆಂಜಿ ದೃಷ್ಟಿ ಕಳೆದುಕೊಂಡರು. ಲಂಡನ್ನಿನ ಸೇಂಟ್ ಡನ್‌ಸ್ಟನ್ಸ್ ಸಂಸ್ಥೆ ಅವರಿಗೆ ಹೊಸ ಬದುಕು ಕಲಿಸಿತು. ಅದನ್ನು ಅದೇ ವರ್ಷ ಕಟ್ಟಿದ ಪತ್ರಿಕೋದ್ಯಮಿ ಆರ್ಥರ್ ಪಿಯರ್ಸನ್ ಕೂಡ ಅಂಧರೇ. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಭಾರತೀಯ ಸೈನಿಕರಿಗಾಗಿ ಮೆಕೆಂಜಿ 1943ರಲ್ಲಿ ಡೆಹ್ರಾಡೂನಿನಲ್ಲಿ ತರಬೇತಿ ನಿಲಯ ತೆರೆದರು. ದೃಷ್ಟಿ ವಿಕಲಚೇತನರ ಇಂದಿನ ರಾಷ್ಟ್ರೀಯ ಸಂಸ್ಥೆ ಬೆಳೆದದ್ದು ಅದೇ ಬೇರಿನಿಂದ.

ಸೇಂಟ್ ಡನ್‌ಸ್ಟನ್ಸ್ ಈಗ ‘ಬ್ಲೈಂಡ್ ವೆಟರನ್ಸ್ ಯುಕೆ’. ದೃಷ್ಟಿ ಹೋದದ್ದು ಗುಂಡಿನಿಂದಲೋ ಮುಪ್ಪಿನಿಂದಲೋ ಎಂದು ಅದು ಭೇದ ಮಾಡುವುದಿಲ್ಲ. ಈ ಔದಾರ್ಯವೇ ಮುಖ್ಯ. ನವೆಂಬರ್‌ನಲ್ಲಿ ಲಂಡನ್ನಿನ ಸೆನೊಟಾಫ್ ಯುದ್ಧ ಸ್ಮಾರಕದ ಮುಂದೆ ಅಂಧ ಯೋಧರು ಜೊತೆಗಾರರ ತೋಳು ಹಿಡಿದು ಪಥಸಂಚಲನ ಮಾಡುತ್ತಾರೆ.

ನಮ್ಮಲ್ಲಿ?

ಕೊಡಗಿನಲ್ಲಿ, ಬೆಳಗಾವಿಯಲ್ಲಿ ಮಾಜಿ ಸೈನಿಕರಿಲ್ಲದ ಊರು ಹುಡುಕುವುದೇ ಕಷ್ಟ. ಗ್ಲಾಕೋಮಾ, ಸಕ್ಕರೆ ಕಾಯಿಲೆ ಅವರನ್ನೂ ಬಿಟ್ಟಿಲ್ಲ. ಪಿಂಚಣಿಯ ಸ್ಪರ್ಶ್ ಪೋರ್ಟಲ್, ವರ್ಷಕ್ಕೊಮ್ಮೆಯ ಜೀವನ ಪ್ರಮಾಣಪತ್ರ, ಫೋನಿಗೆ ಬರುವ ಒಟಿಪಿ: ಕಣ್ಣು ಕಾಣದ ಹಿರಿಯರಿಗೆ ಒಂದೊಂದಕ್ಕೂ ಪರಾವಲಂಬನೆ. ದಶಕಗಳ ಕಾಲ ಗಡಿ ಕಾಯ್ದವರು ಇದಕ್ಕೆ ಅಂಗಲಾಚಬೇಕಾಗಿ ಬಂದರೆ ಅದು ಸಮಾಜದ ಲೋಪ.

ಈ ಲೋಪ ತುಂಬಲು ನಮ್ಮಲ್ಲಿ 1948ರಿಂದ ಎನ್‌ಸಿಸಿ (ರಾಷ್ಟ್ರೀಯ ಕೆಡೆಟ್ ದಳ) ಇದೆ. ಸಮಾಜಸೇವೆ ಅದರ ಪಠ್ಯದಲ್ಲೇ ಇದೆ. ರಸ್ತೆ ಗುಡಿಸುವುದರ ಜೊತೆಗೆ ಕೆಡೆಟ್‌ಗಳಿಗೆ ಅಂಧರ ಜೊತೆ ನಡೆಯುವುದನ್ನೂ ಕಲಿಸಲಿ. ಕೈ ಹಿಡಿದು ಎಳೆಯಬಾರದು. ಮೊಣಕೈ ನೀಡಿ ಅರ್ಧ ಹೆಜ್ಜೆ ಮುಂದಿರಬೇಕು, ಮೆಟ್ಟಿಲು ಬಂದರೆ ಮೊದಲೇ ಹೇಳಬೇಕು. ಫೋನಿನ ಸ್ಕ್ರೀನ್ ರೀಡರ್ ಬಳಸಲು ಕಲಿಸುವುದು ಇವತ್ತಿನ ಹುಡುಗರಿಗೆ ನೀರು ಕುಡಿದಷ್ಟು ಸುಲಭ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗಳು ಕಣ್ಣು ಕಾಣದ ಮಾಜಿ ಯೋಧರ ಪಟ್ಟಿ ಮಾಡಿ, ಅವರ ಒಪ್ಪಿಗೆ ಪಡೆದು, ಹತ್ತಿರದ ಕಾಲೇಜಿನ ಘಟಕಕ್ಕೆ ಈ ವರ್ಷವೇ ಒಪ್ಪಿಸಲಿ.